ಸೂಜಿಗೂ ಮುಂಚೆ

ಇಚಲಕರಂಜಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಪವರ್‌ಲೂಮಿನ ಸದ್ದಿಗೆ ಕಿವಿ ಕಳೆದುಕೊಂಡಿದ್ದ ಕಬನೂರಿನ ವೃದ್ಧ ರೋಗಿ ಜ್ಞಾನು ಮಾಮಾ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

"ಹೇಳದ ಚುಚ್ಚಬ್ಯಾಡ್ರಿ ಸಿಸ್ಟರ್, ಎದಿ ಧಸಕ್ ಅಂತೈತಿ," ಎನ್ನುತ್ತಿದ್ದರು. ಹಾಗಾಗಿ ಪ್ರತಿ ಸಲವೂ ಎದುರು ಸ್ಟೂಲಿನಲ್ಲಿ ಕೂತು, ದನಿಯಿಲ್ಲದೆ ತುಟಿಯಾಡಿಸಿ ಹೇಳಿಯೇ ಸೂಜಿ ಹಿಡಿಯುತ್ತಿದ್ದೆ. ಅವರು ತೀರಿಕೊಂಡ ಮೇಲೆ ಸ್ಟೂಲನ್ನು ಅವರ ಕೋಣೆಯ ಮೂಲೆಗೆ ಸರಿಸಿದೆ.

ಅದೇ ಕೋಣೆಗೆ ಉತ್ತೂರಿನ ಪಾರುಬಾಯಿ ಬಂದರು. ಮಧ್ಯಾಹ್ನ ನನಗೆ ಬೆನ್ನಾಗಿ ಆಚೆ ಹೊರಳಿ ಮಲಗಿದ್ದವರು, ನಾನು ಬಾಯಿ ತೆರೆಯುವ ಮೊದಲೇ ತೋಳು ಚಾಚಿದರು.

"ಸೂಜಿ ಅಂತ ಹೆಂಗ ಗೊತ್ತಾತ್ರಿ, ಆಯಿ?"

"ಆ ಅಜ್ಜ ಈಗ ಹೇಳಿದ್ನಲ್ಲವ್ವ, ಸೂಜಿ ಚುಚ್ಚತಾರ, ಹೆದರಬ್ಯಾಡ ಅಂತ. ಬಾಯಿ ಅಷ್ಟ ಆಡತಿತ್ತು, ಸಪ್ಪಳ ಇರಲಿಲ್ಲ. ಆದ್ರೂ ತಿಳೀತು."

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಮೂಲೆಯ ಸ್ಟೂಲು ಮಾತ್ರ ಮಂಚದ ಆಚೆ, ಅವರ ಮುಖದ ಎದುರಿಗೆ ಬಂದಿತ್ತು. ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು.