ನೋವಿಲ್ಲದ ನಾಲ್ಕು ಗಂಟೆ

ಕ್ಲಿನಿಕ್ಕಿನ ಹತ್ತನೆಯ ಮೆಟ್ಟಿಲಿಗೆ ಅವಳು ಕಾಲೆತ್ತುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಸಾಕು ಟೀಚರ್. ಇಳೀರಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷದಿಂದ ಮೆಟ್ಟಿಲು ಕಂಡರೆ ಹಲ್ಲು ಕಚ್ಚುತ್ತಿದ್ದವಳು ಅವಳು. ಶಾಲೆಯ ಹುಡುಗಿಯರಿಗೆ ಎತ್ತರ ಜಿಗಿತ ಕಲಿಸುವಾಗ ಬಿದ್ದು, ಸೊಂಟದ ಕೀಲಿನೊಳಗೆ ಮೆತ್ತೆಯಂತಿರುವ ಮೃದ್ವಸ್ಥಿ ಹರಿದಿತ್ತು. ತಿಂಗಳ ಕೊನೆಯೊಳಗೆ ನೆಟ್ಟಗೆ ನಡೆಯದಿದ್ದರೆ ಮೈದಾನ ಬಿಟ್ಟು ಸ್ಟೋರ್ ರೂಮಿನ ಬೀಗದ ಕೈ ಹಿಡಿದು ಕೂರಬೇಕೆಂದು ಹೆಡ್‌ಮಿಸ್ ಹೇಳಿಯಾಗಿತ್ತು.

ಆ ಬೆಳಿಗ್ಗೆ ಡಾಕ್ಟರು ಕೀಲಿಗೆ ಇಂಜೆಕ್ಷನ್ ಚುಚ್ಚಿದ್ದೇ ತಡ, ನೋವು ಹೇಳದೆ ಕೇಳದೆ ಎದ್ದುಹೋಗಿತ್ತು! ಕ್ಲಿನಿಕ್ಕಿನ ಮಾಲೀಕರು ಓಡಿಬಂದು, ಒಂದು ಕಾಗದಕ್ಕೆ ಅವಳ ಸಹಿ ಹಾಕಿಸಿಕೊಂಡು, ಅವಳು ಮೆಟ್ಟಿಲೇರುವುದನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದರು.

ಅಡ್ಡ ನಿಂತವನು ಅಲ್ಲಿನ ಫಿಸಿಯೋ. ಹಾಗೆ ಬಗ್ಗೋದು ಬೇಡ, ಹೀಗೆ ಕೂರೋದು ಬೇಡ ಎಂದು ಸದಾ ಹೇಳುವುದರಿಂದ ರೋಗಿಗಳು ಅವನಿಗಿಟ್ಟ ಹೆಸರು ಬೇಡಪ್ಪ.

"ಇದು ಬರೀ ಮರಗಟ್ಟಿಸೋ ಮದ್ದು. ನೋವು ಕೀಲಿಂದಲೇ ಬರ್ತಿದೆಯಾ ಅಂತ ತಿಳ್ಕೊಳ್ಳೋಕೆ ಕೊಟ್ಟಿದ್ದು. ನಾಲ್ಕು ಗಂಟೆ ಇರುತ್ತೆ, ಅಷ್ಟೆ. ಹರಿದದ್ದು ಹರಿದ ಹಾಗೇ ಇದೆ."

"ವಾಸಿಯಾಗಿದೆ ಅಂತ ನನ್ನ ಕಾಲೇ ಹೇಳ್ತಿದೆಯಲ್ಲ. ನಿಮ್ಮ ವ್ಯಾಯಾಮಕ್ಕೆ ಒಬ್ಬಳು ಕಮ್ಮಿಯಾದ್ಲು ಅಂತ ಹೊಟ್ಟೆಕಿಚ್ಚಾ?"

ಅವನ ಮುಖ ಸಣ್ಣದಾಯಿತು. ಒಂದು ಹಾಳೆ ಕೊಟ್ಟ. ನೋವು ಹತ್ತಕ್ಕೆ ಎಷ್ಟಿದೆಯೆಂದು ಗಂಟೆಗೊಮ್ಮೆ ಅದರಲ್ಲಿ ಬರೆಯಬೇಕಿತ್ತು.

ಅವಳು ಬರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತೇನೋ... ಗಂಟೆಗೊಮ್ಮೆ ಅವನೇ ಫೋನ್ ಮಾಡಿದ. ನಾಲ್ಕು ಸಲವೂ ಅವಳು ಗೆದ್ದವಳ ದನಿಯಲ್ಲಿ ಸೊನ್ನೆ ಎಂದಳು. ಅಮ್ಮನ ಎದುರು ಒಂದು ಸುತ್ತು ಕುಣಿದೂ ತೋರಿಸಿದಳು.

ಐದನೆಯ ಗಂಟೆಗೆ, ಅಡುಗೆಮನೆಯ ಹೊಸ್ತಿಲು ದಾಟುವಾಗ, ನೋವು ಮೊಳೆ ಹೊಡೆದಂತೆ ಮರಳಿತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುವುದು?

ಹತ್ತು ದಿನ ಕಳೆದು, ಮುಂದಿನ ಚಿಕಿತ್ಸೆಗೆಂದು ಅದೇ ಕ್ಲಿನಿಕ್ಕಿಗೆ ಹೋದಾಗ, ಕಾಯುವ ಹಾಲಿನಲ್ಲಿ ಅವಳ ಪಕ್ಕದಲ್ಲಿ ಬಸ್ ಕಂಡಕ್ಟರಮ್ಮ ಒಬ್ಬಳು ಸೊಂಟ ಹಿಡಿದು ಕೂತಿದ್ದಳು.

"ನೀವು ಆ ಟಿವಿಯಲ್ಲಿರೋರಲ್ವಾ? ನಿಮ್ಮನ್ನ ನೋಡೇ ಧೈರ್ಯ ಬಂತು ಕಣಮ್ಮ. ಒಂದೇ ಸೂಜಿಗೆ ವಾಸಿಯಂತೆ. ನಾಳೆಯಿಂದ ಡ್ಯೂಟಿಗೆ ಬರ್ತೀನಿ ಅಂತ ಹೇಳಿಬಿಟ್ಟಿದೀನಿ."

ಮೆಟ್ಟಿಲಿನ ಮೇಲ್ತುದಿಯ ಟಿವಿಯಲ್ಲಿ ಅವಳೇ ನಗುನಗುತ್ತ ಏರುತ್ತಿದ್ದಳು. ಅಡ್ಡ ಬಂದ ಅವನ ಕೈಯನ್ನು ವಿಡಿಯೋದಿಂದ ಕತ್ತರಿಸಿ ತೆಗೆದಿದ್ದರು. ಫಿಸಿಯೋ ಎಲ್ಲಿ ಎಂದು ಅವಳು ಕೌಂಟರಿನ ಹುಡುಗಿಯನ್ನು ಕೇಳಿದಳು. ಆ ವಿಡಿಯೋ ತೆಗೆಸಲೇಬೇಕೆಂದು ಮಾಲೀಕರೊಡನೆ ವಾದಿಸಿ, ಅವರು ಒಪ್ಪದಾಗ ಬಿಳಿ ಕೋಟನ್ನು ಕುರ್ಚಿಗೆ ಹಾಕಿ ಹೊರಟುಹೋದನಂತೆ. ಈಗ ಊರಿನ ಈಜುಕೊಳದಲ್ಲಿ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಾನಂತೆ.

'ನನಗೋಸ್ಕರ ಕೆಲಸ ಬಿಟ್ಟವನಿಗೆ ಹೊಟ್ಟೆಕಿಚ್ಚು ಅಂದೆನಲ್ಲಾ...'

ನೊಂದವರ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವುದಕ್ಕಿಂತ ಹೀನವಾದ ವ್ಯಾಪಾರ ಇನ್ನೊಂದಿಲ್ಲ. ಆ ವ್ಯಾಪಾರಕ್ಕೆ ತನ್ನ ನಗುವೇ ಸರಕಾಗಿತ್ತೆಂದು ತಿಳಿದ ಮೇಲೆ ಅವಳು ಕೂತಿರಲಾರದೆ ಹೋದಳು.

ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಏರಿದಳು. ಪರದೆಯ ಮೇಲೆ ಜಿಂಕೆಯಂತೆ ಹತ್ತುತ್ತಿದ್ದವಳೂ ಅವಳೇ, ಅದರ ಕೆಳಗೆ ಕುಂಟುತ್ತಿದ್ದವಳೂ ಅವಳೇ. ಹಾಲಿನಲ್ಲಿದ್ದವರೆಲ್ಲ ಇಬ್ಬರನ್ನೂ ನೋಡಿದರು. ತುದಿ ಮುಟ್ಟಿ, ಟಿವಿಯ ಪ್ಲಗ್ ಕಿತ್ತಳು.

ವಿಡಿಯೋ ತೋರಿಸಲು ಒಪ್ಪಿ ಸಹಿ ಹಾಕಿದ್ದು ನೀವೇ ಅಲ್ಲವೇ ಎಂದು ಮಾಲೀಕರು ಕೆಳಗಿನಿಂದಲೇ ಗದರಿದರು.

"ಹಾಕಿದ್ದೆ. ನೋವಿಲ್ಲದ ಗಂಟೆಯಲ್ಲಿ ಹಾಕಿದ ಸಹಿ ಅದು. ಈಗ ನೋವಿನ ಗಂಟೆಯಲ್ಲಿ ವಾಪಸ್ ತಗೊಳ್ತಿದೀನಿ" ಎಂದಳು. ಕಂಡಕ್ಟರಮ್ಮನತ್ತ ತಿರುಗಿ, "ಅಕ್ಕಾ, ನನಗೆ ವಾಸಿಯಾಗಿಲ್ಲ. ಕೇಳೋದನ್ನೆಲ್ಲ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ, ಆಮೇಲೆ ಚುಚ್ಚಿಸ್ಕೊಳ್ಳಿ" ಎಂದಳು.

ಸೂಜಿಯದೇನೂ ತಪ್ಪಿರಲಿಲ್ಲ; ಸೂಜಿಯ ಹೆಸರಿನಲ್ಲಿ ಸುಳ್ಳು ಹೇಳಿದವರದು ತಪ್ಪು. ಆ ವಾರವೇ ಬೇರೊಂದು ಆಸ್ಪತ್ರೆಯ ಡಾಕ್ಟರಮ್ಮ ಅವಳದೇ ರಕ್ತದಿಂದ ಬೇಕಾದ ಅಂಶವನ್ನು ಬೇರ್ಪಡಿಸಿ, ಸ್ಕ್ಯಾನಿಂಗಿನಲ್ಲಿ ಸೂಜಿಯ ದಾರಿ ನೋಡುತ್ತ ಕೀಲಿಗೆ ಕೊಟ್ಟರು. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ, ಮೂರು ತಿಂಗಳು ವ್ಯಾಯಾಮ ಮಾಡುತ್ತ ಕಾಯಬೇಕೆಂದರು. ಆ ಮಾತಿನಲ್ಲಿ ಭರವಸೆ ಕಡಿಮೆಯಿತ್ತು, ಮರ್ಯಾದೆ ಹೆಚ್ಚಿತ್ತು. ಮಾರನೆಯ ದಿನ ಅವಳು, ಆಗಲೇ ತನ್ನ ಕೈಗೆ ಬಂದಿದ್ದ ಸ್ಟೋರ್ ರೂಮಿನ ಬೀಗದ ಕೈಯನ್ನು ಹೆಡ್‌ಮಿಸ್ ಮೇಜಿನ ಮೇಲಿಟ್ಟು, ಜಿಗಿಯುವುದು ಹುಡುಗಿಯರು, ಕಲಿಸಲು ತನಗೆ ಕಣ್ಣು ಬಾಯಿ ಸಾಕು, ಮೈದಾನಕ್ಕೊಂದು ಸ್ಟೂಲು ಹಾಕಿಸಿ ಎಂದಳು. ಹೆಡ್‌ಮಿಸ್ ಸ್ಟೂಲು ತರಿಸಿದರು.

ಆ ಸಂಜೆ ಈಜುಕೊಳದ ಅಂಚಿನಲ್ಲಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ನಿಂತಿದ್ದ ಅವನತ್ತ ಅವಳು ಕುಂಟನ್ನು ಮರೆಮಾಚದೆ ನಡೆದಳು. ಬ್ಯಾಗಿನಿಂದ ಆ ಹಾಳೆ ತೆಗೆದು ಕೊಟ್ಟಳು. ನಾಲ್ಕು ಸೊನ್ನೆ, ಆಮೇಲೊಂದು ಎಂಟು. ಅದರ ಕೆಳಗೆ, ಕ್ಷಮಿಸಿ.

ಅವನು ಓದಿ, ಮಡಚಿ, ಜೇಬಿಗಿಟ್ಟುಕೊಂಡ.

"ಐದನೇ ಸಲ ಫೋನ್ ಮಾಡಿದ್ದು ಲೆಕ್ಕ ಕೇಳೋಕಲ್ಲ. ನಾಲ್ಕು ಗಂಟೆ ಮುಗಿದಿತ್ತು. ಒಬ್ಬರೇ ಇರ್ತೀರೇನೋ ಅಂತ..."

"ಆಮೇಲೆ ಹನ್ನೊಂದು ಸಲ ಮಾಡಿದ್ರಲ್ಲ, ಅದು?"

"ಅದು ಕೇಸ್‌ಶೀಟ್‌ನಲ್ಲಿ ಬರೆಯೋ ವಿಷಯ ಅಲ್ಲ ಟೀಚರ್."

ಅವಳು ತಲೆ ತಗ್ಗಿಸಲಿಲ್ಲ.

"ನನ್ನ ಕಾಲು ಪೂರ್ತಿ ಸರಿಹೋಗದೇ ಇರಬಹುದು. ಗೊತ್ತಿದ್ದೂ ಜೊತೆಗಿರ್ತೀರಾ? ಗ್ಯಾರಂಟಿ?"

"ಗ್ಯಾರಂಟಿ ಕೊಡೋರ ಹತ್ತಿರ ಹೋಗಿ ಬಂದಿದೀರಲ್ಲ. ನಾನು ದಿನಾ ಬರ್ತೀನಿ, ಅಷ್ಟೆ."

ಅಂದು ಅಡ್ಡ ಹಿಡಿದಿದ್ದ ಕೈಯನ್ನೇ ಅವನು ಚಾಚಿದ. ಅವಳು ಹಿಡಿದುಕೊಂಡಳು.

"ಇದಕ್ಕೂ ಬೇಡ ಅಂದುಬಿಡ್ತೀರೇನೋ ಅಂತ ದಾರಿಯುದ್ದಕ್ಕೂ ಹೆದರಿದ್ದೆ."

"ಒಂದಕ್ಕೆ ಅಂತೀನಿ. ಮೆಟ್ಟಿಲು ಓಡಿ ಹತ್ತೋದು ಬೇಡ."

"ಹತ್ತೇ ಹತ್ತುತ್ತೀನಿ" ಎಂದಳು ಅವಳು. "ನಿಧಾನಕ್ಕೆ. ನೀವೂ ಬನ್ನಿ."