ಮಾರ್ಚ್ ಮುಗಿದ ಮೇಲೆ ಕಟ್ಟಿದ ಬದು

“ಗಾಡಿ ಅಲ್ಲೇ ನಿಲ್ಲಿಸ್ರಿ. ನಮ್ಮ ಹೊಲದ ಬದು ಒಡದ್ರೆ ನೋಡ್ರಿ ಮತ್ತೆ...”

2001ರ ಫೆಬ್ರವರಿ. ಮೊಳಕಾಲ್ಮೂರಿನ ಗುಡ್ಡದ ಕೆಳಗೆ ಜೀಪಿಗೆ ಅಡ್ಡ ನಿಂತಿದ್ದ ಸೌಂದರ್ಯಳ ಕೈಯಲ್ಲಿ ಕುಡುಗೋಲಿತ್ತು. ಇಳಿದು ಬಂದ ಮಾರುತೇಶ ಚಳ್ಳಕೆರೆಯವನು, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪನಿಯ ಸೂಪರ್‌ವೈಸರ್. ಅವನ ಕಣ್ಣು ಕುಡುಗೋಲಿನ ಮೇಲಿರಬೇಕಿತ್ತು. ಅವಳ ಮುಖದ ಮೇಲಿತ್ತು!

“ಕ್ರೇನ್ ಹೋಗೋಕೆ ಬೇರೆ ದಾರಿ ಇಲ್ಲರೀ. ನಿಮ್ಮಪ್ಪ ಒಪ್ಪಿದ್ರೆ, ಕೆಲಸ ಮುಗಿದ ಮೇಲೆ ಬದು ನಾನೇ ಕಟ್ಟಿಕೊಡ್ತೀನಿ.”

“ಅಷ್ಟು ಅವಸರ ಏನೈತೆ?”

“ಮುಂಬೈ ಸೇಠು ಹಾಕಿಸ್ತಿರೋ ಫ್ಯಾನು. ಮಾರ್ಚ್ ಮೂವತ್ತೊಂದರೊಳಗೆ ತಿರುಗಿದ್ರೆ ಸರ್ಕಾರ ಅವರಿಗೆ ಈ ವರ್ಷ ತೆರಿಗೆ ಬಿಡ್ತೈತೆ. ಅದು ತಪ್ಪಿತೋ, ಸೇಠು ದುಡ್ಡೇ ಹಾಕಲ್ಲ.”

“ಅಂದ್ರೆ ಗಾಳಿಗಲ್ಲ, ತೆರಿಗೆಗೆ ತಿರುಗೋ ಫ್ಯಾನು ಅನ್ರಿ.”

ಅವನು ಜೋರಾಗಿ ನಕ್ಕ. ಅವಳಿಗೆ ನಗು ಬಂದದ್ದು ಮನೆಗೆ ಹೋದ ಮೇಲೆ.

ಅಪ್ಪ ಬೊಮ್ಮಲಿಂಗಪ್ಪ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಹಠ ಹಿಡಿದು ಒಪ್ಪಿಸಿದ್ದು ಅವಳೇ. ಅಂದಿನಿಂದ ಮಾರುತೇಶ ದಿನವೂ ನೀರು ಕೇಳಿಕೊಂಡು ಬರತೊಡಗಿದ. ಕೊಡ ಖಾಲಿಯಾಗುವಷ್ಟು ಬಾಯಾರಿಕೆ ಯಾರಿಗಿರುತ್ತದೆ ಹೇಳಿ? ಕಡ್ಲೆಕಾಯಿ ಬಿಡಿಸುತ್ತಾ ಊರಿನ ಸುದ್ದಿಯೆಲ್ಲ ಆಡಿದ. ಅವಳು ಕಾಯುತ್ತಿದ್ದ ಒಂದು ಮಾತು ಮಾತ್ರ ಆಡಲಿಲ್ಲ.

ಮಾರ್ಚ್ ಮೂವತ್ತರ ಸಂಜೆ ಫ್ಯಾನು ತಿರುಗಿತು. ಊರೆಲ್ಲ ಕತ್ತೆತ್ತಿ ರೆಕ್ಕೆ ನೋಡುವಾಗ ಸೌಂದರ್ಯ ಅವನನ್ನೇ ನೋಡುತ್ತಿದ್ದಳು.

‘ಈಗ ಹೇಳ್ತಾನೆ... ಈಗ...’

ಮರುದಿನ ಅವನ ಜೀಪು ಊರು ಬಿಟ್ಟು ರಾಂಪುರದ ಕಡೆ ಹೊರಟೇಹೋಯಿತು.

“ತೆರಿಗೆ ಉಳೀತು. ಇನ್ನೇನ್ ಬರ್ತಾರೆ ಅವರು?” ಒಡೆದ ಬದು ನೋಡುತ್ತಾ ಅಪ್ಪ ಅಂದ. “ನಿನ್ನ ಮಾತು ಕೇಳಿ ಕೆಟ್ಟೆ.”

ಹಾಗಾದರೆ ಆ ನಗು, ಆ ಬಾಯಾರಿಕೆ... ಎಲ್ಲ ದಾರಿಗೋಸ್ಕರವೇ? ಕೇಳೋಣವೆಂದರೆ ಆಗೆಲ್ಲ ನಮ್ಮ ಕೈಯಲ್ಲಿ ಮೊಬೈಲ್ ಎಲ್ಲಿತ್ತು? ಅವಳು ಆ ಹೊಲದ ಕಡೆ ಹೋಗುವುದನ್ನೇ ಬಿಟ್ಟಳು.

ಹನ್ನೆರಡನೇ ದಿನ ಅಪ್ಪನೇ ಬಂದು ಕರೆದ. “ಹೊಲಕ್ಕೆ ಹೋಗಿ ನೋಡವ್ವ, ಯಾರು ಬಂದೌರೆ ಅಂತ.”

ಮಾರುತೇಶ ಗುದ್ದಲಿ ಹಿಡಿದು ಬದು ಕಟ್ಟುತ್ತಿದ್ದ. ಅಂಗೈ ತುಂಬ ಬೊಬ್ಬೆ.

“ಯಾಕ್ ಬಂದ್ರಿ? ಮಾರ್ಚ್ ಮುಗೀತಲ್ಲ.”

“ಮುಗೀಲಿ ಅಂತಲೇ ಕಾಯ್ತಿದ್ದೆ. ಅವಾಗ ಕೇಳಿದ್ರೆ ದಾರಿಗೋಸ್ಕರ ಕೇಳ್ದ ಅಂತಿದ್ರಿ.”

“ಹೇಳಿ ಹೋಗಬಾರ್ದಿತ್ತಾ?”

“ಬೇರೆ ಜಿಲ್ಲೆಗೆ ಹಾಕಿದ್ರು. ಕಂಪನಿಯೋರ ಕೈಕಾಲು ಹಿಡಿದು, ಇಲ್ಲೇ ಫ್ಯಾನು ನೋಡ್ಕಳ್ಳೋ ಕೆಲಸ ಇಸ್ಕಂಡು ಬಂದೆ. ಅದು ಸಿಗದಿದ್ರೆ ಯಾವ ಮುಖ ಇಟ್ಕಂಡು ಬರ್ಲಿ?” ಗುದ್ದಲಿ ಕೆಳಗಿಟ್ಟ. “ಸೌಂದರ್ಯ... ನಂಗೆ ನೀನು ಬೇಕು.”

ಕಣ್ಣೀರು ಒರೆಸಿಕೊಂಡು ಅವಳು ಬದು ನೋಡಿದಳು. “ಇನ್ನೊಂದು ಗೇಣು ಎತ್ತರ ಆಗ್ಬೇಕು,” ಅಂದವಳೇ ಮಣ್ಣು ಎತ್ತಿಕೊಡತೊಡಗಿದಳು.

ಮದುವೆಯಾಗಿ ಎಂಟು ವರ್ಷ ಕಳೆದವು. ಸೇಠು ಬದಲಾದ, ಫ್ಯಾನಿನ ಬಣ್ಣ ಮಾಸಿತು. ಆದರೂ ಪ್ರತಿ ವರ್ಷ ಮಾರ್ಚ್ ಮುಗಿದ ಮರುದಿನ ಅವನು ಗುಡ್ಡ ಇಳಿದು ಬಂದರೆ, ಅವಳು ನೀರಿನ ಚೊಂಬು ಹಿಡಿದೇ ಕೇಳುತ್ತಾಳೆ.

“ಇವತ್ತು ಎಷ್ಟನೇ ತಾರೀಕ್ರಿ?”

“ಏಪ್ರಿಲ್ ಒಂದು.”

“ಹಂಗಾರೆ ಹೇಳ್ರಿ.”

“ನಂಗೆ ನೀನು ಬೇಕು.”