ಮೊಸರಿನ ಡಬ್ಬಿಯಲ್ಲಿ ಹೊಟ್ಟೆಕಿಚ್ಚು

ಬಾಗಿಲು ತೆರೆದ ಇಂಚರಳಿಗೆ ಮೊದಲು ಕಂಡಿದ್ದು ಅವನ ಮುಖವಲ್ಲ. ಅವನು ಎದೆಗವಚಿಕೊಂಡಿದ್ದ ಗಾಜಿನ ಪೆಟ್ಟಿಗೆ, ಅದರೊಳಗಿಂದ ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದ ನಾಲ್ಕು ಕಣ್ಣು!

"ಅಮ್ಮಾ... ಹಲ್ಲಿ!"

"ಲೆಪರ್ಡ್ ಗೆಕೋ," ಎಂದ ಅವನು ಚಳಿಗೆ ನಡುಗುತ್ತ. "ಸರಿ, ಹಲ್ಲೀನೇ ಅನ್ನಿ. ಇವು ಚಳಿ ತಡ್ಕೊಳ್ಳಲ್ಲ. ಮೊದಲು ಇವನ್ನ ಒಳಗೆ ಬಿಟ್ಕೊಳ್ತೀರಾ? ನಾನು ಆಮೇಲೆ ಬರ್ತೀನಿ."

ಇಂಥ ಮಾತಾಡುವವನ ಮುಖ ನೋಡದೆ ಇರುವುದಾದರೂ ಹೇಗೆ? ನೋಡಿದಳು. ಅಲ್ಲಿಗೆ ಹುಡುಗಿಯ ಕಥೆ ಮುಗಿಯಿತು.

ಅದು ೨೦೦೯ರ ರಿಸೆಷನ್ ಚಳಿಗಾಲ. ವಿಶ್ರುತ್‌ಗೆ ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನಲ್ಲಿದ್ದ ಕೆಲಸ ಹೋಗಿ, ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್‌ನಲ್ಲಿ ಹೇಗೋ ಒಂದು ಕಾಂಟ್ರ್ಯಾಕ್ಟ್ ಸಿಕ್ಕಿತ್ತು. ಇಂಚರ ಶಿಕಾಗೋದ ಬ್ಯಾಂಕ್ ಕೆಲಸ ಕಳೆದುಕೊಂಡು ಅರೋರಾದ ಅಪ್ಪ ಅಮ್ಮನ ಮನೆಗೆ ವಾಪಸಾಗಿದ್ದಳು. ಬಾಲಾಜಿ ದೇವಸ್ಥಾನದಲ್ಲಿ ಪರಿಚಯವಾದ ಈ ಹುಡುಗನಿಗೆ ಅಪ್ಪ ಶೇಷಗಿರಿ ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟಿದ್ದರು. ಹಲ್ಲಿಗಳ ವಿಷಯ ಅವನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಯಾರು ತಾನೆ ಕೇಳುತ್ತಾರೆ!

ಮೊಟ್ಟೆ ಕೂಡ ಬರದ ಮನೆ ಅದು. ಹುಳ ಗಿಳ ಏನಿದ್ದರೂ ಬೇಸ್‌ಮೆಂಟ್ ಮೆಟ್ಟಿಲು ಹತ್ತಿ ಮೇಲೆ ಬರಕೂಡದು ಎಂದು ಅಮ್ಮ ಸರಳಾ ಕಟ್ಟಪ್ಪಣೆ ಮಾಡಿದರು.

ವಿಶ್ರುತ್ ಕೆಲಸಕ್ಕೆ ಹೋದಾಗ ಅವಕ್ಕೆ ಊಟ ಹಾಕುವವರು ಯಾರು? ನಾನು ಹಾಕುತ್ತೇನೆ ಎಂದು ಇಂಚರಳೇ ಮುಂದೆ ಬಂದಳು. ಅವನು ಎಲ್ಲ ಕಲಿಸಿಕೊಟ್ಟ. ಪೆಟ್ಟಿಗೆಯ ಒಂದು ಕಡೆಯ ನೆಲ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿರಬೇಕು, ಹೊಟ್ಟೆ ಬೆಚ್ಚಗಿದ್ದರೇ ಅವಕ್ಕೆ ಹಸಿವು. ಕೊಡುವ ಮೀಲ್‌ವರ್ಮ್ ಅಲುಗಾಡುತ್ತಿರಬೇಕು, ಸತ್ತ ಹುಳವನ್ನು ತಿರುಗಿಯೂ ನೋಡುವುದಿಲ್ಲ. ಚಿಮಟ ಹಿಡಿದ ಅವಳ ಕೈ ನಡುಗಿದಾಗ ಅವನು ಮೆಲ್ಲಗೆ ಹಿಡಿದುಕೊಂಡ. ನಡುಕ ಇನ್ನೂ ಜಾಸ್ತಿಯಾಯಿತು, ಪಾಪ, ಹುಳದ ತಪ್ಪೇನೂ ಇರಲಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು... ಲೀನಾ ಒಬ್ಬಳು ಇಲ್ಲದಿದ್ದರೆ!

ಹಲ್ಲಿಗಳು ಅಸಲಿಗೆ ಲೀನಾಳವು. ಟ್ರಾಯ್‌ನಲ್ಲಿ ವಿಶ್ರುತ್ ಜೊತೆ ಕೆಲಸ ಮಾಡುತ್ತಿದ್ದಳಂತೆ. ಮನೆ ಬ್ಯಾಂಕಿನ ಪಾಲಾಗಿ, ಪ್ರಾಣಿ ಸಾಕಲು ಬಿಡದ ಅಪಾರ್ಟ್‌ಮೆಂಟ್‌ಗೆ ಹೋಗುವಾಗ ಇವನ ಕೈಗಿಟ್ಟಿದ್ದಳಂತೆ. ಚುಕ್ಕಿ, ಬೊಟ್ಟು ಎಂದು ಹೆಸರಿಟ್ಟವಳೂ ಅವಳೇ. ದಿನಾ ಸಂಜೆ ಫೋನ್ ಮಾಡಿ, ಸ್ಪೀಕರ್‌ನಲ್ಲೇ ಚುಕ್ಕಿಯನ್ನು ಮುದ್ದು ಮಾಡುವಳು. ವಿಶ್ರುತ್ ನಗುವನು. ಅವಳ ಕೈಯಲ್ಲಾದರೆ ಎಷ್ಟು ಚೆನ್ನಾಗಿ ತಿನ್ನುತ್ತಿದ್ದವು ಎಂದು ಇಂಚರಳ ಮುಂದೆಯೇ ಹೇಳುವನು. ಬುದ್ಧಿ ಇಲ್ಲದ ಗಂಡಸು!

'ಅವಳದೇ ಕೈ! ನನ್ನದೇನು ಸೌಟಾ?' ಇಂಚರಳಿಗೆ ಮೈಯೆಲ್ಲ ಉರಿಯಿತು.

ನೆಟ್ಟಗೆ ಸಾಕುಪ್ರಾಣಿ ಅಂಗಡಿಗೆ ಹೋಗಿ, ಗೆಕೋಗಳಿಗೆ ಪಂಚಪ್ರಾಣವಾದ ತಿಂಡಿ ಯಾವುದೆಂದು ಕೇಳಿದಳು. ಅಂಗಡಿಯವನು ವ್ಯಾಕ್ಸ್‌ವರ್ಮ್ ತೋರಿಸಿದ. ಬೆಳ್ಳಗೆ, ದಪ್ಪಗೆ, ಬರೀ ಕೊಬ್ಬು. ಅವಕ್ಕೆ ಇದು ಮಿಠಾಯಿ ಇದ್ದಂತೆ, ಅಪರೂಪಕ್ಕೊಂದು ಕೊಡಿ ಎಂದ. 'ಅಪರೂಪಕ್ಕೆ' ಎಂಬುದು ಮಾತ್ರ ಅವಳ ಕಿವಿಗೆ ಬೀಳಲಿಲ್ಲ.

ಹುಳಗಳನ್ನು ತಣ್ಣಗಿಡಬೇಕಲ್ಲ? ಅಮ್ಮ ತೊಳೆದಿಟ್ಟಿದ್ದ ಮೊಸರಿನ ಖಾಲಿ ಡಬ್ಬಿಯೊಂದರ ಮುಚ್ಚಳಕ್ಕೆ ತೂತು ಮಾಡಿ, ಹುಳ ತುಂಬಿ, ಫ್ರಿಜ್‌ನಲ್ಲಿ ಹಿಂದಕ್ಕೆ ತಳ್ಳಿದಳು. ನಮ್ಮವರ ಫ್ರಿಜ್‌ನಲ್ಲಿ ಮೊಸರಿನ ಡಬ್ಬಿಗಳಿಗೇನು ಬರ! ಒಂದರಲ್ಲಿ ಹುಳಿ, ಒಂದರಲ್ಲಿ ದೋಸೆ ಹಿಟ್ಟು, ಯಾವುದೋ ಒಂದರಲ್ಲಿ ಮೊಸರು.

ದಿನಾ ಮಧ್ಯಾಹ್ನ ಬೇಸ್‌ಮೆಂಟ್‌ನಲ್ಲಿ ಔತಣ ನಡೆಯಿತು. "ತಿನ್ನು ಬಂಗಾರಿ," ಎನ್ನುವಳು ಚುಕ್ಕಿಗೆ. "ನಿಮ್ಮ ಯಜಮಾನ್ರಿಗೆ ಆ ಲೀನಾನೇ ಬೇಕಂತೆ. ನಿಮಗಾದ್ರೂ ನಾನು ಸಾಕಲ್ವಾ?"

ಆಮೇಲೆ ಆಗಬೇಕಾದ್ದೇ ಆಯಿತು. ಎರಡು ಹಲ್ಲಿಗಳೂ ಮೀಲ್‌ವರ್ಮ್ ಕಂಡರೆ ಮುಖ ತಿರುಗಿಸಿದವು. ಹೆದರಿದ ಇಂಚರ ಆ ಮಿಠಾಯಿ ನಿಲ್ಲಿಸಿದಳು, ಅವು ಊಟವನ್ನೇ ಬಿಟ್ಟವು. ವಿಷಯ ಡೆಟ್ರಾಯಿಟ್‌ಗೆ ಮುಟ್ಟಿತು. ಮತ್ತೆ ಮನೆ ಬದಲಿಸಿದ್ದೇನೆ, ಇಲ್ಲಿ ಸಾಕಬಹುದು, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು ಲೀನಾ. ತನ್ನ ಹೊಸ ಆಫೀಸಿನಲ್ಲಿ ವಿಶ್ರುತ್‌ಗೂ ಕೆಲಸ ಇದೆ, ಅವನೂ ಬರಲಿ ಎಂದಳು!

ಇಂಚರ ಹಣೆ ಚಚ್ಚಿಕೊಂಡಳು. ಯಾರನ್ನು ದೂರ ಇಡಬೇಕೆಂದಿದ್ದಳೋ ಅವಳನ್ನು ತಾನೇ ಮನೆ ಬಾಗಿಲಿಗೆ ಕರೆಸಿಕೊಂಡಿದ್ದಳು.

ಭಾನುವಾರ ಲೀನಾ ಬಂದಳು. ಚೆಂದದ ಹುಡುಗಿ, ನಯವಾದ ಮಾತು. ಒಂದು ಕೊಂಕು ತೆಗೆಯಲೂ ಜಾಗವಿಲ್ಲದ್ದು ಇನ್ನೊಂದು ಸಂಕಟ. ಪೆಟ್ಟಿಗೆಯ ಬಿಸಿ ಪರೀಕ್ಷಿಸಿ, ಎಲ್ಲ ಸರಿ ಇದೆಯಲ್ಲ, ಮತ್ತೇಕೆ ತಿನ್ನುತ್ತಿಲ್ಲ ಎಂದು ಹಣೆ ಉಜ್ಜಿಕೊಂಡಳು. ಎಲೆ ಹಾಕಿ ಬಡಿಸಿದಷ್ಟು ಉಪಚಾರದಿಂದ ಊಟ ನಡೆಯಿತು. ಕೊನೆಗೆ ಅತಿಥಿಗೆ ಮೊಸರು ಬಡಿಸಲು ಸರಳಾ ಫ್ರಿಜ್‌ನಲ್ಲಿ ಹಿಂದೆ ಇದ್ದ ಡಬ್ಬಿ ತೆಗೆದು, ಮುಚ್ಚಳ ತೆರೆದು, ಚಮಚ ಹಾಕಿದರು.

"ರಾಮ ರಾಮ!"

ಡಬ್ಬಿ ಕೆಳಗೆ ಬಿತ್ತು. ಅಡುಗೆಮನೆ ತುಂಬ ಬಿಳಿ ಹುಳ ಹರಿದಾಡಿದವು.

"ನಂದು, ಆಂಟಿ," ಎಂದ ವಿಶ್ರುತ್ ಥಟ್ಟನೆ.

ಲೀನಾ ಕೆರಳಿದಳು. "ವ್ಯಾಕ್ಸ್‌ವರ್ಮ್? ಇದರ ರುಚಿ ಹತ್ತಿದ್ರೆ ಬೇರೇನೂ ಮುಟ್ಟಲ್ಲ ಅಂತ ನಿಂಗೆ ಗೊತ್ತಿಲ್ವಾ? ಇನ್ನು ಒಂದು ದಿನಾನೂ ಇಲ್ಲಿ ಬಿಡಲ್ಲ."

ಅವನು ತಲೆ ತಗ್ಗಿಸಿದ. ಇಂಚರಳ ಕಡೆ ನೋಡಲೂ ಇಲ್ಲ.

ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ತನ್ನ ತಪ್ಪು ಹೊತ್ತುಕೊಂಡು ಅವನು ಹೊರಟುಹೋದರೆ... ಆ ಮಾನ ಇಟ್ಟುಕೊಂಡು ಮಾಡುವುದೇನು?

"ಅವರದ್ದಲ್ಲ, ನಂದು," ಎಂದಳು. "ನಿಮ್ಮ ಕೈಯಲ್ಲಿ ಚೆನ್ನಾಗಿ ತಿಂತಿದ್ವು ಅಂತ ಇವರು ಹೇಳಿದಾಗೆಲ್ಲ ನಂಗೆ ಹೊಟ್ಟೆ ಉರೀತಿತ್ತು. ಅವಕ್ಕೆ ನೀವು ಮರೆತೇ ಹೋಗ್ಬೇಕು ಅನ್ನಿಸ್ತು. ಅವಕ್ಕೆ ಮಾತ್ರ ಅಲ್ಲ..."

ಶೇಷಗಿರಿಯವರು ತಮ್ಮ ತಟ್ಟೆಯ ಅನ್ನವನ್ನೇ ನೋಡುತ್ತ ಕುಳಿತರು.

ಲೀನಾ ವಿಶ್ರುತ್‌ನ ಮುಖ ನೋಡಿದಳು. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ. ಡೆಟ್ರಾಯಿಟ್‌ನಿಂದ ಅವಳೂ ಏನೋ ಆಸೆ ಇಟ್ಟುಕೊಂಡೇ ಬಂದಿದ್ದಳೋ ಏನೋ, ಅದನ್ನು ಅಲ್ಲೇ ನುಂಗಿಕೊಂಡಳು.

"ಹಸಿವಾದ್ರೆ ತಿಂತಾವೆ," ಎಂದಳು ಇಂಚರಳಿಗೆ. "ಮೀಲ್‌ವರ್ಮ್ ಬಿಟ್ಟು ಬೇರೇನೂ ಕೊಡ್ಬೇಡಿ. ಹಠ ಮಾಡ್ತಾವೆ, ಕರಗಬೇಡಿ. ನೀವೇ ನೋಡ್ಕೊಳ್ಳಿ."

ತಂದಿದ್ದ ಖಾಲಿ ಪೆಟ್ಟಿಗೆಯೊಂದಿಗೇ ಹೊರಟಳು. ಇಂಚರಳಿಗೆ ಮೊದಲ ಸಲ ಅವಳನ್ನು ನೋಡಿ ಅಯ್ಯೋ ಎನ್ನಿಸಿತು.

ಮುಂದಿನ ವಾರ ಒಂದು ಸಂಜೆ, ಪೆಟ್ಟಿಗೆಯ ಮುಂದೆ ಇಬ್ಬರೇ. ಇಂಚರ ಚಿಮಟದಲ್ಲಿ ಮೀಲ್‌ವರ್ಮ್ ಹಿಡಿದು ಕಾಯುತ್ತಿದ್ದಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಒಂದಿನ ಬೇಗ ಬಂದೆ. ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸ್ಕೊಂಡೆ."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಸಿದ್ರೆ ಆ ಮಾತೂ ನಿಂತುಹೋಗ್ತಿತ್ತು. ನಂಗೆ ಬರೀ 'ಊಟಕ್ಕೆ ಬನ್ನಿ'. ಅವಕ್ಕೆ ಬಂಗಾರಿ, ಮುದ್ದು..." ಅವನು ನಾಚಿಕೊಂಡ. "ಹಲ್ಲಿ ಕಂಡು ಹೊಟ್ಟೆ ಉರ್ಕೊಂಡವನು ಈ ಇಲಿನಾಯ್‌ನಲ್ಲೆಲ್ಲ ನಾನೊಬ್ನೇ ಇರ್ಬೇಕು."

"ಲೀನಾ ಹೇಳಿದ ಕೆಲಸ?"

"ಬೇಡ ಅಂತ ಹೇಳ್ಬಿಟ್ಟೆ."

ಇಂಚರಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಚುಕ್ಕಿ ಮೆಲ್ಲಗೆ ಹೊರಬಂದಳು. ಹುಳವನ್ನೇ ನೋಡಿದಳು. ಬಾಲದ ತುದಿ ಕಂಪಿಸಿತು... ಗಬಕ್ಕನೆ ಹಿಡಿದೇಬಿಟ್ಟಳು!

"ತಿಂದ್ಲು," ಎಂದಳು ಇಂಚರ, ಉಸಿರೇ ಹೊರಡದೆ.

"ಯಾರ ಕೈಯಲ್ಲಿ?"

"ನನ್ನ ಕೈಯಲ್ಲಿ."

"ಆ ಕೈ ನಂಗೆ ಕೊಡು, ಇಂಚರಾ."

"ಇರಿ, ತೊಳ್ಕೊಂಡು ಬರ್ತೀನಿ. ಹುಳ ಮುಟ್ಟಿದ ಕೈ."

"ಪರವಾಗಿಲ್ಲ," ಎಂದು ಅವನು ಹಿಡಿದುಕೊಂಡ.